ಅರಿಸಿನದ ನೀರಿನಲ್ಲಿ ನೆನೆದ ಮೊಟ್ಟೆಗಳು

ನಮ್ಮ ಹಿತ್ತಿಲಿನಲ್ಲಿ ಎಂಟು ನಾಟಿ ಹೇಂಟೆಗಳು, ಒಂದು ಹುಂಜ ಇವೆ. ಅರಸೀಕೆರೆ ಹತ್ತಿರದ ಗಂಡಸಿ ಕಡೆಯ ಹಳ್ಳಿಗಳಲ್ಲಿ ಇದೇನೂ ಹೇಳಿಕೊಳ್ಳುವಂಥ ಸಂಗತಿಯಲ್ಲ. ಆದರೆ ನನ್ನ ಮೊಟ್ಟೆಗೆ ಊರಿನಲ್ಲಿ ಒಂದು ಹೆಸರಿತ್ತು. ಬೇರೆಯವರ ಮನೆಯ ಮೊಟ್ಟೆಗೆ ಹಿಕ್ಕೆ ಮೆತ್ತಿಕೊಂಡಿರುತ್ತದೆ, ಕಸ ಅಂಟಿರುತ್ತದೆ. ನನ್ನ ಮೊಟ್ಟೆ ಈಗಷ್ಟೇ ಸ್ನಾನ ಮಾಡಿ ಬಂದಂತೆ ಇರುತ್ತಿತ್ತು. ನಿಜ ಹೇಳಬೇಕೆಂದರೆ ನಾನು ಸ್ನಾನವನ್ನೇ ಮಾಡಿಸುತ್ತಿದ್ದೆ.

ಅದಕ್ಕೆ ಕಾರಣ ನಮ್ಮ ಮನೆ ಇರುವ ರೀತಿ. ಹಿತ್ತಿಲ ಬಾಗಿಲಿನಿಂದ ಒಳಗೆ ಬಂದರೆ ಮೊದಲು ಸಿಗುವುದೇ ದೇವರ ಮೂಲೆ. ಹಿಕ್ಕೆ ಅಂಟಿದ ಮೊಟ್ಟೆ ಹಿಡಿದುಕೊಂಡು ದೀಪದ ಮುಂದೆ ದಾಟಿ ಹೋಗಲು ನನಗೆ ಮನಸ್ಸು ಬರುತ್ತಿರಲಿಲ್ಲ. ಹಾಗಾಗಿ ಹಿತ್ತಿಲಿನಲ್ಲೇ ಒಂದು ಬೇಸಿನ್‌ಗೆ ತೊಟ್ಟಿಯ ತಣ್ಣೀರು ತುಂಬಿ, ಚಿಟಿಕೆ ಅರಿಸಿನ ಹಾಕಿ, ಮೊಟ್ಟೆಗಳನ್ನು ಅದರಲ್ಲಿ ಬಿಟ್ಟು, ಪೂಜೆ ಮುಗಿಸಿ ಬಂದು ತೆಂಗಿನ ನಾರಿನಿಂದ ಮೆಲ್ಲಗೆ ಉಜ್ಜಿ ಒರೆಸಿಡುತ್ತಿದ್ದೆ. ಇದನ್ನು ಯಾರೂ ನನಗೆ ಹೇಳಿಕೊಟ್ಟದ್ದಲ್ಲ. ಮಡಿಯೂ ಆಯಿತು, ಶುಚಿಯೂ ಆಯಿತು ಎಂದುಕೊಂಡಿದ್ದೆ.

ನಮ್ಮ ಯಜಮಾನರು ನೋಡಿ ನಗುತ್ತಿದ್ದರು. "ಅರಿಸಿನ ಆಯ್ತು. ಕುಂಕುಮ ಇಟ್ಟು ಹೂವ ಮುಡಿಸೋದೊಂದು ಬಾಕಿ ಐತೆ ನೋಡೇ," ಅನ್ನುತ್ತಿದ್ದರು.

"ನಿಮ್ಗೇನು ಗೊತ್ತಾಯ್ತದೆ, ಸುಮ್ನಿರಿ. ಜನ ನನ್ ಮೊಟ್ಟೆನೇ ಯಾಕೆ ಕೇಳ್ಕೊಂಡು ಬತ್ತಾರೆ?" ಎಂದು ನಾನು ಮುಖ ತಿರುಗಿಸುತ್ತಿದ್ದೆ.

ಇನ್ನೊಂದು ಪದ್ಧತಿ ನಮ್ಮ ಅತ್ತೆಯ ಕಾಲದಿಂದ ಬಂದದ್ದು. ಶ್ರಾವಣ ಮಾಸದಲ್ಲಿ ಶನಿವಾರ ಮತ್ತು ಸೋಮವಾರ ಕೋಳಿ ಗೂಡಿಗೆ ಕೈ ಹಾಕುವಂತಿಲ್ಲ. ಆ ದಿನ ಇಟ್ಟ ಮೊಟ್ಟೆ ಆ ದಿನ ಗೂಡಿನಲ್ಲೇ ಇರಬೇಕು, ಮರುದಿನ ತೆಗೆಯಬೇಕು. ಶ್ರಾವಣದಲ್ಲಿ ನಮ್ಮ ಕಡೆ ಬಿಟ್ಟೂ ಬಿಡದ ಜಡಿಮಳೆ. ಕೋಳಿಗಳು ಕೆಸರು ಕಾಲಿನಲ್ಲಿ ಗೂಡಿಗೆ ಹತ್ತಿ ಮೊಟ್ಟೆಯ ಮೇಲೆಯೇ ಓಡಾಡುತ್ತವೆ. ಮಂಗಳವಾರ ಬೆಳಿಗ್ಗೆ ನೋಡಿದರೆ ಮೊಟ್ಟೆ ಯಾವುದು, ಮಣ್ಣುಂಡೆ ಯಾವುದು ಎಂದು ಹುಡುಕಬೇಕು.

ಹೋದ ಶ್ರಾವಣದ ಅಂಥ ಒಂದು ಮಂಗಳವಾರ. ಹನ್ನೊಂದು ಮೊಟ್ಟೆ ಸಿಕ್ಕಿದವು. ಬೇಸಿನ್‌ನಲ್ಲಿ ಬಿಟ್ಟೆ. ಅಂದು ಓರಗಿತ್ತಿಯ ಮನೆಯಲ್ಲಿ ಮಂಗಳಗೌರಿ ಪೂಜೆ ಇತ್ತು. ಬೇಗ ಬರುತ್ತೇನೆಂದು ಹೋದವಳು ಆರತಿ, ಹಾಡು, ಬಾಗಿನ, ಊಟ ಎಲ್ಲ ಮುಗಿಸಿ ಬರುವಷ್ಟರಲ್ಲಿ ಮಧ್ಯಾಹ್ನ ಇಳಿದಿತ್ತು. ಬೇಸಿನ್‌ನ ನೀರು ಗೊಬ್ಬರದ ನೀರಿನ ಬಣ್ಣಕ್ಕೆ ತಿರುಗಿತ್ತು. ಅದನ್ನು ಚೆಲ್ಲಿ, ಮೊಟ್ಟೆಗಳನ್ನು ಇನ್ನೊಂದು ಸಲ ತೊಳೆದು ಒರೆಸಿದೆ. ಹೊಳೆಯುತ್ತಿದ್ದವು. ಏಳನ್ನು ಹಿಂದಿನ ಬೀದಿಯ ದೊಡ್ಡಮ್ಮನ ಮನೆಗೆ ಕೊಟ್ಟು ಬಂದೆ. ನಾಲ್ಕು ಮನೆಗೆ ಇಟ್ಟುಕೊಂಡೆ.

ದೊಡ್ಡಮ್ಮ ಎಂದರೆ ನಮಗೆ ರಕ್ತಸಂಬಂಧಿಯಲ್ಲ, ಊರಿಗೆಲ್ಲ ದೊಡ್ಡಮ್ಮ. ಅವರ ಮಗಳು ಹೆರಿಗೆಗೆ ಬಂದು, ಗಂಡು ಮಗುವಾಗಿ ತಿಂಗಳಾಗಿತ್ತು. ಬಾಣಂತಿಗೆ ದಿನಾ ಬೆಳಿಗ್ಗೆ ಬಿಸಿ ಹಾಲಿಗೆ ನಾಟಿ ಮೊಟ್ಟೆ ಒಡೆದು, ಮೆಣಸಿನ ಪುಡಿ ಹಾಕಿ ಕುಡಿಸುತ್ತಿದ್ದರು. ಶ್ರಾವಣದ ಶನಿವಾರ, ಸೋಮವಾರವಾದರೂ ಬಾಣಂತಿಗೆ ದೋಷವಿಲ್ಲ ಎಂಬುದು ದೊಡ್ಡಮ್ಮನ ಮಾತು. ಆ ಹಾಲು ಕಾಯಿಸಿ ಕೊಡುವ ಕೆಲಸ ಅವರ ಸೊಸೆಯದು. ಮದುವೆಯಾಗಿ ವರ್ಷ ತುಂಬಿರದ ಹುಡುಗಿ, ಬಾಣಾವರದ ಕಡೆಯವಳು, ಮಾತು ಕಡಿಮೆ.

ಶುಕ್ರವಾರ ಸಂಜೆ ಅರಿಸಿನ ಕುಂಕುಮಕ್ಕೆಂದು ಅವರ ಮನೆಗೆ ಹೋದೆ. ಅಂಗಳ ದಾಟುವಾಗಲೇ ದೊಡ್ಡಮ್ಮನ ದನಿ ಕೇಳಿಸಿತು. ಸೊಸೆ ಬಚ್ಚಲ ಪಕ್ಕದ ಕಲ್ಲಿನ ಮೇಲೆ ಪಾತ್ರೆ ಉಜ್ಜುತ್ತಿದ್ದಳು. ಬಾಣಂತಿಗೆ ಹಿಂದಿನ ದಿನದಿಂದ ವಾಂತಿ, ಭೇದಿ. ಆಸ್ಪತ್ರೆಗೆ ಕರೆದುಕೊಂಡು ಹೋಗಿ ಡ್ರಿಪ್ ಹಾಕಿಸಿ ತಂದಿದ್ದರು. ಎದೆಹಾಲು ಕಡಿಮೆಯಾಗಿ ಮಗುವಿಗೆ ಡಬ್ಬಿ ಹಾಲು ಕೊಡುತ್ತಿದ್ದರು.

"ನೋಡು, ನಿನ್ ಮೊಟ್ಟೆ ಬಂಗಾರದಂಗೆ ಇದ್ವು. ತಂದೋಳ ಕೈ ಶುದ್ಧ, ಮಾಡೋಳ ಕೈ ಶುದ್ಧ ಇಲ್ಲ," ಎಂದರು ದೊಡ್ಡಮ್ಮ. "ಬಾಣಂತಿ ಪಾತ್ರೆ ಬ್ಯಾರೆ ಇಡೇ ಅಂತ ಎಷ್ಟ್ ಸಲ ಹೇಳ್ಲಿ ಇವ್ಳಿಗೆ? ಎಲ್ಲಿ ಬೇಕಾದ್ರೂ ಕೈ ಇಕ್ಕಿ, ಅದೇ ಕೈಲಿ ಒಲೆ ಮುಂದೆ ನಿಂತ್ಕತಾಳೆ. ಇವ್ರಮ್ಮ ಏನು ಕಲಿಸ್ಕೊಟ್ಟವ್ಳೋ!"

ಆಗ ನಾನು ಸುಮ್ಮನಿದ್ದಿದ್ದರೂ ಆಗುತ್ತಿತ್ತು. ಸುಮ್ಮನಿರಲಿಲ್ಲ. ಹಿರಿಯಳ ಹಾಗೆ ತಲೆ ಅಲ್ಲಾಡಿಸಿ, "ಬಾಣಂತಿ ಪಾತ್ರೆನ ಬಿಸಿನೀರಲ್ಲಿ ತೊಳೀಬೇಕು ಕಣಮ್ಮ," ಎಂದು ಆ ಹುಡುಗಿಗೆ ಬುದ್ಧಿ ಹೇಳಿದೆ. ಅವಳು ತಲೆ ಎತ್ತಲಿಲ್ಲ. ಕುಂಕುಮ ಇಟ್ಟುಕೊಂಡು, ತಾಂಬೂಲ ತೆಗೆದುಕೊಂಡು ಬಂದೆ.

ಭಾನುವಾರ ಬೆಳಿಗ್ಗೆ ಮನೆಗೆಂದು ಇಟ್ಟಿದ್ದ ನಾಲ್ಕರಲ್ಲಿ ಒಂದನ್ನು ಬಾಣಲೆಗೆ ಒಡೆದೆ. ಲೋಳೆ ನೀರಾಗಿ ಹರಿಯಿತು, ಒಂದು ಥರ ಹುಳಿ ಕೊಳೆ ವಾಸನೆ. ಎರಡನೆಯದು ಇನ್ನೂ ಕೆಟ್ಟಿತ್ತು. ನಾಲ್ಕೂ ಹಾಗೆಯೇ. ನಾಟಿ ಮೊಟ್ಟೆ ಐದು ದಿನಕ್ಕೆ ಹೀಗಾಗುವುದಿಲ್ಲ. ಅತ್ತೆಯ ಕಾಲದಲ್ಲಿ ರಾಗಿಯಲ್ಲಿ ಹೂತಿಟ್ಟು ಹದಿನೈದು ದಿನ ಇಡುತ್ತಿದ್ದರು, ಏನೂ ಆಗುತ್ತಿರಲಿಲ್ಲ. ಆಗಲೇ ಬೇಸಿನ್‌ನ ಆ ನೀರು ಕಣ್ಣ ಮುಂದೆ ಬಂತು.

ಮಾರನೆಯ ದಿನ ಹಸುವಿಗೆ ಔಷಧಿ ತರಲು ಪಶು ಆಸ್ಪತ್ರೆಗೆ ಹೋದಾಗ, ಯಾರದೋ ವಿಷಯ ಎಂಬಂತೆ ಅಲ್ಲಿದ್ದವರನ್ನು ಕೇಳಿದೆ. ಅವರು ನಕ್ಕರು. "ಮೊಟ್ಟೆ ಸಿಪ್ಪೆ ತುಂಬ ಕಣ್ಣಿಗೆ ಕಾಣದ ತೂತು ಇರ್ತವೆ ಕಣಮ್ಮ. ಮೇಲೊಂದು ಪೊರೆ ಇರ್ತದೆ, ಅದೇ ಅದಕ್ಕೆ ಕಾವಲು. ತಣ್ಣೀರಲ್ಲಿ ನೆನೆಹಾಕಿದ್ರೆ ಪೊರೆನೂ ಹೋಯ್ತು, ಗಲೀಜು ನೀರನ್ನ ಒಳಕ್ಕೆ ಎಳ್ಕೊಳ್ತದೆ. ಒಣಬಟ್ಟೆಲಿ ಒರೆಸಿದ್ರೆ ಸಾಕು. ತೀರಾ ಅಂಟಿದ್ರೆ ಉಗುರುಬೆಚ್ಚಗಿನ ನೀರಲ್ಲಿ ಒಂದು ಸಲ ತೊಳೆದು ತಕ್ಷಣ ಒರೆಸಿ, ಅದನ್ನ ಮನೇಲೇ ಬೇಯಿಸ್ಕೊಳ್ಳೋದು, ಮಾರೋದಲ್ಲ."

ನಾನು ಕೊಟ್ಟದ್ದು ಒಂದು ತಿಂಗಳ ಬಾಣಂತಿಗೆ.

ಅವತ್ತೇ ಹೋಗಿ ಹೇಳಬೇಕಿತ್ತು. ಸೋಮವಾರ, ಉಪವಾಸ, ಇಂಥ ದಿನ ಜಗಳದ ಮಾತು ಬೇಡ ಎಂದುಕೊಂಡೆ. ಮಂಗಳವಾರ ಮತ್ತೆ ಗೌರಿ ಪೂಜೆ, ಮುತ್ತೈದೆಯರ ನಡುವೆ ಹೇಗೆ ಹೇಳುವುದು ಎಂದುಕೊಂಡೆ. ದೇವರ ಹೆಸರು ಹೇಳಿ ದಿನ ತಳ್ಳಿದೆ. ಪ್ರತಿ ರಾತ್ರಿ ಮಲಗುವ ಮುಂಚೆ ಅಂದು ದೇವರು ಕೊಟ್ಟ ಒಳ್ಳೆಯದನ್ನೆಲ್ಲ ನೆನೆದು ಕೈ ಮುಗಿಯುವುದು ನನ್ನ ರೂಢಿ. ಮಗುವಿಗೆ ಏನೂ ಆಗಲಿಲ್ಲ, ನಿನ್ನ ದಯೆ. ಬಾಣಂತಿ ಗಂಜಿ ಕುಡಿದಳಂತೆ, ನಿನ್ನ ದಯೆ. ಮತ್ತೆ ಎದೆಹಾಲು ಬಂತಂತೆ, ನಿನ್ನ ದಯೆ. ಹೀಗೆ ನೆನೆಯುತ್ತಾ ಹೋದರೆ ಆ ಹುಡುಗಿಯ ಮುಖ ಸ್ವಲ್ಪ ದೂರ ಸರಿಯುತ್ತಿತ್ತು. ದೇವರ ದಯೆಯ ಹಿಂದೆ ನಾನು ಅವಿತುಕೊಳ್ಳುತ್ತಿದ್ದೇನೆ ಎಂದು ಗೊತ್ತಿದ್ದೂ ನೆನೆಯುತ್ತಿದ್ದೆ.

ಬುಧವಾರ ನಲ್ಲಿಯ ಹತ್ತಿರ ಆ ಸೊಸೆ ಸಿಕ್ಕಳು. ಬಿಂದಿಗೆ ತುಂಬುವವರೆಗೆ ಸುಮ್ಮನೆ ನಿಂತಿರಲಾರದೆ, "ಏನಮ್ಮ, ಅಡುಗೆ ಆಯ್ತಾ?" ಎಂದೆ.

"ನಾನು ಅಡುಗೆಮನೆಗೆ ಹೋಗಂಗಿಲ್ಲ ಅಕ್ಕ. ರಜಾ ಕೊಟ್ಟವ್ರೆ," ಎಂದು ನಕ್ಕಳು. ಆ ನಗು ಬಹಳ ಹೊತ್ತು ನಿಲ್ಲಲಿಲ್ಲ. "ಭಾನುವಾರ ಮಗೂಗೆ ಹೆಸರಿಡೋದು. ಅದು ಮುಗಿಯೋಗಂಟ ಅಮ್ಮನ ಮನೇಲಿ ಇರು ಅಂದವ್ರೆ. ನಾಳೆ ಬಸ್ಸಿಗೆ ಹೋಯ್ತೀನಿ. ಏನಾಯ್ತು ಅಂತ ಅಮ್ಮ ಕೇಳ್ತದೆ. ಏನು ಹೇಳದು ಅಕ್ಕ?"

ಮನೆಯಲ್ಲಿ ಹೆಸರಿಡುವ ದಿನ ಮನೆಯ ಸೊಸೆ ಇರುವುದಿಲ್ಲ ಎಂದರೆ ಬಂದ ನೆಂಟರೆಲ್ಲ ಕೇಳುತ್ತಾರೆ. ಒಬ್ಬರು ಹೇಳಿದರೆ ಸಾಕು, ಕೈ ಶುದ್ಧವಿಲ್ಲ ಎಂಬ ಮಾತು ಅರಸೀಕೆರೆಯಿಂದ ಬಾಣಾವರದವರೆಗೂ ಅವಳ ಹೆಸರಿಗೆ ಅಂಟಿಕೊಳ್ಳುತ್ತದೆ. ಬಿಂದಿಗೆಯನ್ನು ಅಲ್ಲೇ ಬಿಟ್ಟು, "ನಡಿ, ನಾನೂ ಬತ್ತೀನಿ," ಎಂದೆ.

ದೊಡ್ಡಮ್ಮ ಜಗಲಿಯ ಮೇಲೆ ಕುಳಿತು ಮಗುವಿನ ಬಟ್ಟೆ ಮಡಿಸುತ್ತಿದ್ದರು. ನಿಂತುಕೊಂಡೇ ಹೇಳಿದೆ. ಕೂತರೆ ಮಾತು ಬೇರೆ ಕಡೆಗೆ ಹೋದೀತು ಎಂಬ ಭಯ. "ದೊಡ್ಡಮ್ಮ, ಇವಳ ಕೈಯಿಂದ ಆಗಿದ್ದಲ್ಲ. ನನ್ ಮೊಟ್ಟೆಯಿಂದ ಆಗಿದ್ದು."

ಅವರು ನಂಬಲಿಲ್ಲ. ನನಗೆ ಬೈಗುಳ ತಿನ್ನುವ ಧೈರ್ಯವಿತ್ತು, ನಂಬದೇ ಇರುವುದನ್ನು ಎದುರಿಸುವ ಸಿದ್ಧತೆ ಇರಲಿಲ್ಲ. "ನೀನು ಬಿಡು ಕಣವ್ವ, ಹೂವಿನಂಥ ಮನಸು ನಿಂದು. ಇವಳು ಅತ್ಲು ಅಂತ ಕನಿಕರ ಬಂದು ಹೇಳ್ತಿದೀಯ. ಮೂರೊತ್ತೂ ಪೂಜೆ ಮಾಡೋ ಕೈಲಿ ಬಂದ ಮೊಟ್ಟೆ ಕೆಡ್ತದಾ?"

"ಆ ಪೂಜೆಗೆ ಹೋಗೇ ಕೆಟ್ಟಿದ್ದು ದೊಡ್ಡಮ್ಮ," ಎಂದೆ. ಸೋಮವಾರ ತೆಗೆಯದೆ ಬಿಟ್ಟದ್ದು, ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ನೆನೆದದ್ದು, ನೀರಿನ ಬಣ್ಣ, ನನ್ನ ಮನೆಯಲ್ಲಿ ಕೊಳೆತ ನಾಲ್ಕು, ಪಶು ಆಸ್ಪತ್ರೆಯವರು ಹೇಳಿದ್ದು, ಒಂದನ್ನೂ ಬಿಡದೆ ಹೇಳಿದೆ. ದೊಡ್ಡಮ್ಮ ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು.

ಆಗ ಒಳಗಿನ ಕೋಣೆಯಿಂದ ಬಾಣಂತಿ ಕೂಗಿ ಹೇಳಿದಳು. "ಅಮ್ಮ, ಮೊಟ್ಟೆ ಒಡೆದಾಗ ವಾಸನೆ ಬತ್ತಾ ಐತೆ ಅಂತ ಅತ್ತಿಗೆ ಅಂದ್ರಲ್ಲ. ಅಷ್ಟ್ ಚೆನ್ನಾಗಿರೋ ಮೊಟ್ಟೆಗೆ ವಾಸನೆ ಅಂತೀಯಾ, ಕೆಲಸ ತಪ್ಪಿಸ್ಕಳಾಕೆ ಹೇಳ್ತೀಯ ಅಂತ ನೀನೇ ಬೈದು ಹಾಲಿಗೆ ಹಾಕಿಸ್ದೆ."

ಮೊಟ್ಟೆ ಕೆಟ್ಟಿದೆ ಎಂಬುದನ್ನು ಹುಡುಗಿ ಮೂಗಿನಿಂದಲೇ ಕಂಡುಹಿಡಿದಿದ್ದಳು. ಅವಳ ಮೂಗಿಗಿಂತ ನನ್ನ ಮೊಟ್ಟೆಯ ಹೊಳಪನ್ನು ನಂಬಿದ್ದರು. ಆ ಹೊಳಪಿಗಾಗಿಯೇ ನಾನು ಅಷ್ಟು ಉಜ್ಜಿದ್ದೆ.

ದೊಡ್ಡಮ್ಮ ತಪ್ಪಾಯಿತು ಎನ್ನಲಿಲ್ಲ. ಅವರ ವಯಸ್ಸಿನವರಿಗೆ ಆ ಮಾತು ಬಾಯಿಗೆ ಬರುವುದು ಕಷ್ಟ. ಮಡಿಸಿದ ಬಟ್ಟೆಯನ್ನು ಪಕ್ಕಕ್ಕಿಟ್ಟು, ಸೊಸೆಯ ಕಡೆ ನೋಡದೆ, "ಒಲೆ ಮೇಲೆ ಹಾಲಿಟ್ಟಿದ್ದೆ, ಉಕ್ಕಿಬುಡ್ತದೆ. ಹೋಗಿ ನೋಡು," ಎಂದರು. ವಾರದಿಂದ ಮುಚ್ಚಿದ್ದ ಅಡುಗೆಮನೆ ಅವಳಿಗೆ ತೆರೆದದ್ದು ಹಾಗೆ. ನಾಳೆಯ ಬಸ್ಸಿನ ಮಾತು ಮತ್ತೆ ಎತ್ತಲಿಲ್ಲ.

ಅವಳು ಒಳಗೆ ಹೋಗುವಾಗ ಬಾಗಿಲಲ್ಲಿ ತಡೆದೆ. "ಅವತ್ತು ನಾನೂ ಒಂದು ಮಾತು ಅಂದೆ ಕಣಮ್ಮ. ಮನಸಲ್ಲಿ ಇಟ್ಕೋಬೇಡ."

"ಕೇಳಿಸ್ತು ಅಕ್ಕ," ಎಂದಳು. ಅಷ್ಟೇ. ಇಟ್ಟುಕೊಳ್ಳುವುದಿಲ್ಲ ಎನ್ನಲಿಲ್ಲ. ಹಾಲು ನೋಡಲು ಹೋದಳು.

ಈಗ ನಾನು ದಿನಕ್ಕೆ ಎರಡು ಸಲ ಗೂಡಿಗೆ ಕೈ ಹಾಕುತ್ತೇನೆ. ಶನಿವಾರ, ಸೋಮವಾರ ಎಂದು ನೋಡುವುದಿಲ್ಲ, ಬೇಕಾದರೆ ಮತ್ತೆ ಕೈಕಾಲು ತೊಳೆದು ದೀಪ ಹಚ್ಚುತ್ತೇನೆ. ಗೂಡಿನ ಒಣಹುಲ್ಲನ್ನು ವಾರಕ್ಕೊಮ್ಮೆ ಬದಲಿಸುತ್ತೇನೆ. ಒಣಬಟ್ಟೆಯಲ್ಲಿ ಒರೆಸಿ ಹೋದಷ್ಟು ಹೋಗಲಿ, ಕಲೆ ಇದ್ದರೆ ಇರಲಿ ಎಂದು ಹಾಗೆಯೇ ಕೊಡುತ್ತೇನೆ. "ಮೊದಲಿನಂಗೆ ಬೆಳ್ಳಗಿಲ್ವಲ್ಲ?" ಎಂದು ಕೇಳುವವರಿಗೆ ಯಾಕೆ ಎಂದು ಹೇಳುತ್ತೇನೆ. ಇಬ್ಬರು ಬರುವುದನ್ನು ಬಿಟ್ಟರು.

ದೊಡ್ಡಮ್ಮನ ಮನೆಯವರು ಬಿಡಲಿಲ್ಲ. ಮೊಟ್ಟೆ ಕೊಳ್ಳಲು ಸೊಸೆಯೇ ಬರುತ್ತಾಳೆ. ನನ್ನೆದುರಿಗೇ ಒಂದೊಂದನ್ನೂ ಎತ್ತಿ ಬೆಳಕಿಗೆ ಹಿಡಿದು, ಕಿವಿಯ ಹತ್ತಿರ ಅಲ್ಲಾಡಿಸಿ, ಮೂಗಿನ ಹತ್ತಿರ ತಂದು ಆಮೇಲೆ ಡಬ್ಬಿಗೆ ಇಡುತ್ತಾಳೆ. ಮೊದಲ ಸಲ, "ಬೇಜಾರ್ ಮಾಡ್ಕೋಬೇಡಿ ಅಕ್ಕ," ಎಂದಿದ್ದಳು. ಈಗ ಅದನ್ನೂ ಹೇಳುವುದಿಲ್ಲ. ಅನುಮಾನ ಬಂದದ್ದನ್ನು ಪಕ್ಕಕ್ಕೆ ಇಡುತ್ತಾಳೆ. ನನಗೆ ಅದರಲ್ಲಿ ಏನೂ ಕಾಣದಿದ್ದರೂ ನಾನು ವಾದ ಮಾಡದೆ ಅದನ್ನು ವಾಪಸು ತೆಗೆದುಕೊಂಡು, ಬೇರೆ ಕೊಡುತ್ತೇನೆ.