ನಮ್ಮ ಕಡೆ ಇಲ್ಲದ ಕಾಯಿಲೆ

ಮಗಳಿಗೆ ಉಬ್ಬಸವೆಂದು ಗೊತ್ತಾದಾಗ ಅವಳಿಗೆ ಆರು ವರ್ಷ. ಆಗ ನಾವಿದ್ದದ್ದು ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ. ಔಷಧಿಯ ಪಂಪನ್ನು, ಅಂದರೆ ಇನ್‌ಹೇಲರನ್ನು, ಬೆಳಿಗ್ಗೆ, ಸಂಜೆ ಎಳೆಸಬೇಕು, ಆರಾಮಾಗಿದ್ದರೂ ಬಿಡಬಾರದು ಎಂದು ಡಾಕ್ಟರ್ ಹೇಳಿದ್ದರು. ಉಡುಪಿ ಕಡೆಯವರಾದ ನನ್ನ ಅತ್ತೆಗೆ ಆ ಪಂಪು ಕಂಡರಾಗುತ್ತಿರಲಿಲ್ಲ.

“ಅದು ಒಮ್ಮೆ ಹಿಡಿದ್ರೆ ಚಟ ಮಾರಾಯ್ತಿ, ಬಿಡ್ಲಿಕ್ಕಿಲ್ಲ. ನಾಳೆ ಇವಳನ್ನು ಯಾರು ಮದುವೆ ಆಗ್ತಾರೆ?” ಎನ್ನುವರು. ಅದರ ಬೆನ್ನಿಗೇ, “ನಮ್ಮ ಕಡೆ ಏಳು ತಲೆಮಾರಿಗೂ ಈ ಕಾಯಿಲೆ ಇಲ್ಲ.”

ಏಳು ತಲೆಮಾರಿನ ಎದೆಗೆ ಇವರು ಯಾವಾಗ ಕಿವಿಯಿಟ್ಟು ಕೇಳಿದ್ದರೋ! ಆದರೂ ಬಾಯಿಗೆ ಬಂದದ್ದನ್ನು ನುಂಗಿಕೊಳ್ಳುತ್ತಿದ್ದೆ, ಯಾಕೆಂದರೆ ನನ್ನ ಸೋದರಮಾವನಿಗೆ ಉಬ್ಬಸವಿತ್ತು. ಮಗುವಿಗೆ ಇದನ್ನು ಕೊಟ್ಟವಳು ನಾನೇ ಎಂದು ನನಗೂ ಅನ್ನಿಸಿಬಿಟ್ಟಿತ್ತು. ಅವಳ ಬೆನ್ನು ಸವರುತ್ತಾ ಮನಸ್ಸಿನಲ್ಲೇ ಕ್ಷಮೆ ಕೇಳುತ್ತಿದ್ದೆ.

ನಾನು ಬೆಳಿಗ್ಗೆ ಲೋಕಲ್ ರೈಲು ಹಿಡಿದು ಥಾಣೆ ಊರಿನ ಆಫೀಸಿಗೆ ಓಡುವವಳು. ಗಂಡ ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿಗೆ ಇನ್ನೂ ಮೊದಲೇ ಹೊರಡುವರು. ಹಾಗಾಗಿ ಬೆಳಗಿನ ಪಂಪು ಅತ್ತೆಯ ಪಾಲಿಗೆ. ಆ ಮಳೆಗಾಲದಲ್ಲಿ ಒಂದು ಸಣ್ಣ ನೆಗಡಿಗೇ ಉಸಿರೆಳೆದಾಗಲೆಲ್ಲ ಮಗಳ ಪಕ್ಕೆ ಒಳಗೆ ಸೆಳೆದುಕೊಂಡು, ಎರಡು ದಿನ ಆಸ್ಪತ್ರೆಯಲ್ಲಿ ಇಡಬೇಕಾಯಿತು. ಬೆಳಗಿನ ಪಂಪು ಕೊಟ್ಟಿರಾ ಎಂದು ಕೇಳಿದರೆ ಅತ್ತೆ, “ಹುಷಾರಿದ್ದಳಲ್ಲ, ಅದಕ್ಕೆ ಕೊಡ್ಲಿಲ್ಲ” ಎಂದರು. ನಾನು ಸೂರು ಹಾರಿಹೋಗುವಂತೆ ಕೂಗಾಡಿದೆ.

ಮುಂದಿನ ಸಲ ಥಾಣೆಯ ಡಾಕ್ಟರ ಬಳಿ ಅತ್ತೆಯೂ ಬಂದರು. “ಯಾರ ಕಡೆಯಿಂದ ಬಂತು ಅಂತ ಅವರೇ ಹೇಳಲಿ” ಎಂಬ ಹಠ. ಡಾಕ್ಟರ್ ನಕ್ಕು, ಗೋಡೆಯ ಮೇಲಿನ ಫ್ಯಾನ್ ರೆಗ್ಯುಲೇಟರ್ ತೋರಿಸಿದರು. ಅವರು ಹೇಳಿದ್ದಿಷ್ಟು: ಜೀನು, ಅಂದರೆ ವಂಶವಾಹಿ, ಎಂಬ ಫ್ಯಾನು ಎಲ್ಲರ ಮೈಯಲ್ಲೂ ಹೆಚ್ಚುಕಡಿಮೆ ಒಂದೇ. ಅದು ಎಷ್ಟು ಜೋರಾಗಿ ತಿರುಗಬೇಕೆಂದು ಹೇಳುವ ರೆಗ್ಯುಲೇಟರಿನಲ್ಲಿ ಒಬ್ಬರಿಂದ ಒಬ್ಬರಿಗೆ ಚೂರು ವ್ಯತ್ಯಾಸ. ಅಂಥ ಸಣ್ಣ ಸಣ್ಣ ವ್ಯತ್ಯಾಸಗಳು ಹಲವು ಕೂಡಿದ ಮಗುವಿಗೆ ನೆಗಡಿಯೋ ಧೂಳೋ ತಗುಲಿದರೆ ಉಸಿರಿನ ಕೊಳವೆ ಬೇಗ ಊದಿಕೊಳ್ಳುತ್ತದೆ. ಪಂಪು ಆ ಊತವನ್ನು ಇಳಿಸುತ್ತದೆ, ಚಟ ಹಿಡಿಸುವುದಿಲ್ಲ.

“ಅಮ್ಮನಿಂದಲೂ ಬಂದಿರುತ್ತದೆ, ಅಪ್ಪನಿಂದಲೂ ಬಂದಿರುತ್ತದೆ. ತಪ್ಪು ಯಾರದೂ ಅಲ್ಲ, ಅಜ್ಜಿ” ಎಂದರು.

“ಅಪ್ಪನಿಂದಲೂ ಬರ್ತದಾ?” ಎಂದು ಅತ್ತೆ ಕೇಳಿದರು. ಅವರ ಮಡಿಲಲ್ಲಿದ್ದ ಮಗಳು ಎಂದಿನಂತೆ ಹಿಂದಿಯಲ್ಲಿ ಬಾಯಿ ಹಾಕಿದಳು: “ಅಜ್ಜಿ ಕೆ ಅಂದರ್ ಭೀ ಸೀಟಿ ಬಜ್ತೀ ಹೈ.” ಅಜ್ಜಿಯ ಎದೆಯೊಳಗೂ ಸೀಟಿ ಊದುತ್ತದಂತೆ!

ನಾನು ಗದರಲು ಹೋದೆ. ಅತ್ತೆ ತಡೆದರು.

“ಹೌದು. ನಂಗೂ ಉಂಟು, ಸಣ್ಣದಿರುವಾಗಿಂದ. ಗೊತ್ತಾದ್ರೆ ಮದುವೆ ಆಗುದಿಲ್ಲ, ಯಾರಿಗೂ ಹೇಳ್ಬೇಡ ಅಂತ ಅಮ್ಮ ಆಣೆ ಹಾಕಿಸಿದ್ಲು. ಇವಳ ಅಜ್ಜನಿಗೆ ಕಡೆವರೆಗೂ ಗೊತ್ತಾಗ್ಲಿಲ್ಲ. ಬೆಳಿಗ್ಗೆ ಉಸಿರು ಕಟ್ಟಿದ್ರೆ ಬಚ್ಚಲಲ್ಲಿ ನಳ್ಳಿ ಬಿಟ್ಟು ಕೂತ್ಕೊಳ್ತೇನೆ, ಶಬ್ದ ಕೇಳ್ಬಾರದು ಅಂತ.”

ಎಂಟು ವರ್ಷ ಒಂದೇ ಮನೆಯಲ್ಲಿದ್ದೂ ನನಗೆ ಕೇಳಿಸಿರಲಿಲ್ಲ. ಅವರ ಕೈ ಹಿಡಿದುಕೊಂಡೆ, ಅಳು ಬಂತು.

ಡಾಕ್ಟರ್ ಅತ್ತೆಯ ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು ಕೇಳಿ, ಅವರಿಗೂ ಒಂದು ಪಂಪು ಬರೆದರು. ಅತ್ತೆ ನನ್ನತ್ತ ಬಾಗಿ ಮೆಲ್ಲಗೆ ಹೇಳಿದರು:

“ಇದು ತಕ್ಕೊಂಡ್ರೆ ನಂಗೆ ಉಸಿರು ಕಟ್ಟದೆ ಅಂಗಾತ ಮಲಗ್ಲಿಕ್ಕೆ ಆಗ್ತದಾ ಅಂತ ಸ್ವಲ್ಪ ಕೇಳು.”