ಅವ್ವನ ಕಪಾಟಿನಲ್ಲಿ ಅಜ್ಜನ ಬಂದೂಕು

ನಮ್ಮ ಮನೆಯಲ್ಲಿ ಬೀಗ ಹಾಕಬಹುದಾದ ವಸ್ತು ಒಂದೇ: ಅವ್ವ ಮದುವೆಯಾಗಿ ಬಂದಾಗ ತಂಬ್ರಹಳ್ಳಿಯಿಂದ ಟ್ರ್ಯಾಕ್ಟರಿನಲ್ಲಿ ತಂದ ಕಬ್ಬಿಣದ ಕಪಾಟು. ಉಳಿದದ್ದಕ್ಕೆಲ್ಲ ಚಿಲಕ, ಚಿಲಕ ಇಲ್ಲದ್ದಕ್ಕೆ ನಾಯಿ. ಕೂಡ್ಲಿಗಿಯಿಂದ ಒಳಗಿರುವ ನಮ್ಮೂರಿಗೆ ಇಷ್ಟು ಭದ್ರತೆ ಸಾಕಾಗುತ್ತಿತ್ತು. ಸಾಲದೇ ಹೋದದ್ದು ಅಜ್ಜನ ಬಂದೂಕಿಗೆ.

ಒಂಟಿ ನಳಿಗೆಯ ಬಂದೂಕು. ಬೆಳೆ ಕಾಯಲು ಕೊಟ್ಟ ಲೈಸೆನ್ಸು ಅಜ್ಜನ ಹೆಸರಿನಲ್ಲಿದೆ. ಗುಡ್ಡದಿಂದ ಹಂದಿ, ಒಮ್ಮೊಮ್ಮೆ ಕರಡಿ, ಮೆಕ್ಕೆಜೋಳಕ್ಕೆ ಇಳಿದರೆ ಗಾಳಿಗೊಂದು ಹೊಡೆದು ಹೆದರಿಸುವುದು, ಅಷ್ಟೇ. ಅಜ್ಜ ಅದನ್ನು ಹೊಡೆದದ್ದಕ್ಕಿಂತ ಸ್ಟೇಷನ್ನಿಗೆ ಹೊತ್ತದ್ದೇ ಹೆಚ್ಚು. ಚುನಾವಣೆ ಬಂದರೆ ಒಪ್ಪಿಸಬೇಕು, ಮುಗಿದರೆ ತರಬೇಕು, ನವೀಕರಣಕ್ಕೆ ಮತ್ತೆ ತೋರಿಸಬೇಕು. ಈಚೆಗೆ ಬಂದೂಕು ಹೊರುವವನು ಅಜ್ಜ, ಅಜ್ಜನನ್ನು ಹೊರುವವನು ನಾನು, ನಮ್ಮಿಬ್ಬರನ್ನೂ ಹೊರುವುದು ಅಪ್ಪನ ಹಳೇ ಬೈಕು. ಮೂವರಲ್ಲಿ ಮೊದಲು ಕೆಮ್ಮುವುದು ಬೈಕೇ.

ಬಂದೂಕು ಕಪಾಟಿನಲ್ಲಿ, ಕಪಾಟಿನ ಕೀಲಿಕೈ ಅವ್ವನ ಸೊಂಟದಲ್ಲಿ. ತವರಿನಿಂದ ತಂದ ಕಪಾಟಿಗೆ ತಂದವಳದೇ ಕೈ, ಅದನ್ನು ಬೇರೆಯವರು ಮುಟ್ಟುವುದಿಲ್ಲ. ಇದರ ಮೇಲೆ ಇನ್ನೊಂದು ತೊಡಕು: ಅವ್ವ ಮಾವನೆದುರು ಮಾತಾಡುವುದಿಲ್ಲ. ಜಗಳವೇನಿಲ್ಲ, ನಮ್ಮಲ್ಲಿ ನಡೆದುಬಂದದ್ದೇ ಹಾಗೆ. ಬಂದೂಕು ಬೇಕಾದರೆ ಅಜ್ಜ ಕಟ್ಟೆಯ ಮೇಲಿಂದ, "ಲೇ, ಕಪಾಟು ತೆಗೀಬೇಕಂತ ಅನ್ನು" ಎನ್ನುತ್ತಾನೆ. ನಾಲ್ಕು ಹೆಜ್ಜೆ ಆಚೆ ರೊಟ್ಟಿ ಬಡಿಯುವ ಅವ್ವನಿಗೆ ಅದು ಕೇಳಿಸಿರುತ್ತದೆ. ಆದರೂ ನಾನು ಹೋಗಿ ಅನ್ನಬೇಕು. ಬೇಸರ ಕಳೆಯಲೆಂದು ಅಜ್ಜನ ಹಲ್ಲಿಲ್ಲದ ಬಾಯಿಯಲ್ಲೇ ಅನ್ನುತ್ತಿದ್ದೆ, ಅವ್ವನ ಉತ್ತರವನ್ನು ಅವ್ವನ ಗೊಣಗಿನಲ್ಲೇ ತರುತ್ತಿದ್ದೆ. ಅಣಕಿಸುವ ಚಾಳಿ ಅಂಟಿದ್ದು ಹಾಗೆ. ಈಗ ನನ್ನದೇ ದನಿ ಯಾವುದೆಂದು ಯಾರಾದರೂ ಕೇಳಿದರೆ ಸ್ವಲ್ಪ ಹುಡುಕಬೇಕಾಗುತ್ತದೆ.

ಈ ಸಲದ ನವೀಕರಣಕ್ಕೆ ಬಂದೂಕು ಇಡುವ ಜಾಗ ನೋಡಲು ಪೊಲೀಸರೊಬ್ಬರು ಮನೆಗೇ ಬಂದರು. ಹರಪನಹಳ್ಳಿ ಕಡೆಯವರು, ಮಾತು ದಾವಣಗೆರೆಗೆ ವಾಲಿತ್ತು. ತೋಟಾಗಳನ್ನು ಅಜ್ಜ ತನ್ನ ಟ್ರಂಕಿನಲ್ಲಿ ಬೇರೆಯಾಗಿ ಇಟ್ಟದ್ದು ನೋಡಿ ತಲೆದೂಗಿದರು. ಕಪಾಟಿನ ಬಾಗಿಲು ಗುದ್ದಿ, ಅದಕ್ಕೂ ತಲೆದೂಗಿದರು. ಚಹಾ ಬಂತು.

"ಇದರ ಕೀ ಯಾರತ್ರ ಇರುತ್ತಜ್ಜ?"

ಅಜ್ಜ ಎದೆಯುಬ್ಬಿಸಿದ. "ಸೊಸಿ ಸೊಂಟದಾಗ ಐತ್ರಿ ಸಾಹೇಬ್ರ. ನಾನ ಕೇಳಿದ್ರೂ ಸುಮ್ಮಸುಮ್ಮನ ಕೊಡಂಗಿಲ್ಲ ಆಕಿ. ಅದಕ್ಕಿಂತ ಭದ್ರ ಜಾಗ ಈ ತಾಲೂಕಿನಾಗ ಇಲ್ಲ ತಗೋರಿ."

ಪೊಲೀಸರು ಲೋಟ ಕೆಳಗಿಟ್ಟರು. "ಅಲ್ಲಜ್ಜ, ಲೈಸೆನ್ಸು ಯಾರದು?"

"ನಂದು."

"ಕೀ ಯಾರತ್ರ ಐತೆ?"

"ಸೊಸಿ ಹತ್ರ."

"ಹಂಗಾದ್ರೆ ಬಂದೂಕು ಯಾರ ಕೈಯಾಗಿದ್ದಂಗಾತು?"

ಅಜ್ಜ ನನ್ನ ಮುಖ ನೋಡಿದ. ಉತ್ತರವನ್ನೂ ನಾನೇ ಒಯ್ಯಬೇಕೇನೋ ಎಂಬಂತೆ.

ಪೊಲೀಸರು ಒಳ್ಳೆಯವರೇ. ಗದರಲಿಲ್ಲ, ನಿಧಾನಕ್ಕೆ ಬಿಡಿಸಿ ಹೇಳಿದರು. ಬಂದೂಕು ಇರುವ ಕಪಾಟಿನ ಬೀಗ ತೆಗೆಯುವುದು ಲೈಸೆನ್ಸು ಇದ್ದವನ ಕೈ ಒಂದೇ ಆಗಿರಬೇಕು, ಮಗನದ್ದೂ ಅಲ್ಲ, ಸೊಸೆಯದ್ದೂ ಅಲ್ಲ. "ಮುಂದಿನ ವಾರ ಬರ್ತೀನಿ. ಅಷ್ಟರಾಗೆ ಕೀ ನಿನ್ನತ್ರ ಬಂದಿರಬೇಕು. ಆಗಲ್ಲ ಅಂದ್ರೆ ಬಂದೂಕು ತಂದು ಒಪ್ಪಿಸಿಬಿಡಜ್ಜ."

ಅವರು ಹೋದಮೇಲೆ ಅಪ್ಪ, "ಕೀಲಿಕೈ ಕೊಟ್ರ ಮುಗೀತಲ್ಲ, ಅದರಾಗೇನೈತಿ?" ಎಂದ. ಅದರಲ್ಲಿ ಏನಿದೆಯೆಂದು ಅಪ್ಪನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಕಪಾಟಿನ ಬಾಗಿಲ ಸಂದಿಯಲ್ಲಿ ಮಡಿಸಿದ ಸೀರೆ, ಕಾಗದದಲ್ಲಿ ಸುತ್ತಿದ ಏನೋ ಕಂಡದ್ದಷ್ಟೇ. ಮೂರು ಕೋಣೆಯಲ್ಲಿ ಏಳು ಜನ ಬಾಳುವ ಮನೆ, ಸೋಪೂ ಎಲ್ಲರದು, ಬಾಚಣಿಗೆಯೂ ಎಲ್ಲರದು. ಅವ್ವನ ಕೈ ಮಾತ್ರ ಹೋಗುವ ಜಾಗ ಅದೊಂದೇ. ಅಪ್ಪನಿಗೆ ಇದನ್ನು ಹೇಳಬೇಕೆಂದುಕೊಂಡೆ, ಆದರೆ ಯಾರ ದನಿಯಲ್ಲಿ ಹೇಳುವುದು?

ಕೊಟ್ಟೂರಿನಿಂದ ವೆಲ್ಡಿಂಗ್ ಅಂಗಡಿಯ ಚಾಚಾನನ್ನು ಕರೆತಂದೆ. ಬಂದೂಕಿಗೆ ಬೇರೆ ಪೆಟ್ಟಿಗೆ ಮಾಡಿ ಗೋಡೆಗೆ ಬಿಗಿದರೆ ಕಪಾಟಿನ ತಂಟೆಯೇ ಇರದಲ್ಲ. ಅವರು ಬೆರಳಿನಿಂದ ಗೋಡೆ ಕುಟ್ಟಿದರು. ಹಿಡಿಯಷ್ಟು ಮಣ್ಣು ಅವರ ಕಾಲ ಮೇಲೆ ಉದುರಿತು.

"ಇದು ಗ್ವಾಡಿ ಅಲ್ಲ ಬೇಟಾ, ಒಣಗಿದ ಕೆಸರು. ಪೆಟಗಿ ಬಿಗಿದ್ರ ಕಳ್ಳ ಗ್ವಾಡಿ ಸಮೇತ ಒಯ್ತಾನ."

"ಬಿಗೀಲಾರದ ಹಂಗ ಇಟ್ರ?"

"ಹಿಡಿಕಿ ಹಚ್ಚಿ ಕೊಡ್ತೀನಿ ತಗೋ. ಒಯ್ಯಾಕ ಅವ್ನಿಗೂ ಅನುಕೂಲ."

ಅವರನ್ನು ಮತ್ತೆ ಕೊಟ್ಟೂರಿಗೆ ಬಿಟ್ಟು ಬಂದೆ. ಸೊಂಟ ನೋಯುತ್ತಿತ್ತು. ಕಾನೂನು ಮಾಡಿದವರ ಮನೆಗಳಿಗೆ ಒಳ್ಳೇ ಗೋಡೆಗಳಿರಬೇಕು.

ಪೊಲೀಸರು ಬರುವ ಹಿಂದಿನ ದಿನ ಬೆಳಿಗ್ಗೆ ಅವ್ವ ಕಪಾಟು ಖಾಲಿ ಮಾಡಿದಳು. ಬಂದೂಕೊಂದನ್ನು ಬಿಟ್ಟು ಎಲ್ಲವನ್ನೂ ಗೊಬ್ಬರದ ಚೀಲವೊಂದಕ್ಕೆ ತುಂಬಿ ಮಂಚದ ಕೆಳಗೆ ತಳ್ಳಿದಳು. ಬೀಗ ಹಾಕಿ, ಸೊಂಟದ ಕೀಲಿಕೈ ಬಿಚ್ಚಿ ನನ್ನ ಕೈಗಿಟ್ಟಳು.

"ಕೊಡ್ಹೋಗು."

"ಏನಂತ ಅನ್ಲಿ?"

"ಏನೂ ಅನ್ನಬ್ಯಾಡ."

ಅಜ್ಜ ಕೀಲಿಕೈ ಹಿಡಿದು ಕಟ್ಟೆಯ ಮೇಲೆ ಕುಳಿತೇ ಇದ್ದ. ಊಟಕ್ಕೂ ಏಳಲಿಲ್ಲ. ಅಷ್ಟರಲ್ಲಿ ಚಿಕ್ಕಪ್ಪನ ಪುಟ್ಟ ಮಗಳು ಚೀಲ ಎಳೆದು, ಒಳಗಿನ ಹಸಿರು ಸೀರೆ ಸುತ್ತಿಕೊಂಡು ಅಂಗಳಕ್ಕೆ ಬಂದಳು. ಸೆರಗು ಸಗಣಿಯಲ್ಲಿ ಎಳೆದಾಡುತ್ತಿತ್ತು. ಅವ್ವ ಬಾಗಿಲಲ್ಲಿ ನಿಂತು ನೋಡಿದಳು, ಬೈಯಲಿಲ್ಲ. ಅವ್ವ ಬೈಯದೇ ಇದ್ದದ್ದನ್ನು ನಾನು ನೋಡಿದ್ದು ಕಡಿಮೆ, ಅಜ್ಜನೂ ಅಷ್ಟೇ.

"ಲೇ," ಎಂದ ಅಜ್ಜ, ಕೀಲಿಕೈ ನನ್ನತ್ತ ಚಾಚಿ. "ಅವನ್ನೆಲ್ಲಾ ಒಳಗ ಇಟ್ಕೋ ಅಂತ ಅನ್ನು. ಬಂದೂಕು ಹೊರಗ ತೆಗಿ ಅಂತ ಅನ್ನು."

ಮಧ್ಯಾಹ್ನದ ಬಿಸಿಲಿನಲ್ಲಿ ಸ್ಟೇಷನ್ನಿಗೆ ಹೋದೆವು. ಅದೇ ಪೊಲೀಸರು ಕುಳಿತಿದ್ದರು.

"ಯಾಕಜ್ಜ, ಕೀ ಇಸ್ಕೊಂಡಿದ್ರೆ ಆಗ್ತಿತ್ತಲ್ಲ?"

"ಇಡಾಕ ಜಾಗ ಇಲ್ರಿ ಮನಿಯಾಗ."

"ಕಪಾಟು ಐತಲ್ಲಜ್ಜ, ನಾನೇ ನೋಡೀನಿ."

"ಅದು ನಮ್ಮದಲ್ರಿ."

ಅವರು ಬಂದೂಕು ತಗೊಂಡು ರಿಜಿಸ್ಟರಿನಲ್ಲಿ ಬರೆದುಕೊಂಡರು. ನಳಿಗೆಗೆ ಆಗಾಗ ಎಣ್ಣೆ ಹಚ್ಚಿಸಿರಿ ಎಂದ ಅಜ್ಜ. ಆಯಿತು ಎಂದರು. ಅವರು ಹಚ್ಚುವುದಿಲ್ಲ, ಹಚ್ಚುವುದಿಲ್ಲವೆಂದು ಅಜ್ಜನಿಗೂ ಗೊತ್ತು.

ಮನೆಗೆ ಬಂದಾಗ ಹೊತ್ತು ಇಳಿಯುತ್ತಿತ್ತು. ಅಜ್ಜ ಕಟ್ಟೆಗೆ ಒರಗಿದ. ಅವ್ವ ಬಾಗಿಲ ಮರೆಯಿಂದ, "ಇನ್ನ ಹೊಲ ಹ್ಯಾಂಗ ಕಾಯ್ತಾರಂತ ಕೇಳು" ಎಂದಳು.

"ಕೇಳಿಸ್ತು ಅನ್ನು," ಎಂದ ಅಜ್ಜ.

ನಾನು ಅನ್ನಲಿಲ್ಲ. ಖಾಲಿ ಎಣ್ಣೆ ಡಬ್ಬಿ, ಅದನ್ನು ಬಡಿಯಲು ಒಂದು ಕೋಲು ಎತ್ತಿಕೊಂಡು ಹೊಲದ ದಾರಿ ಹಿಡಿದೆ. ಹಂದಿಗಳು ಗುಡ್ಡ ಇಳಿಯುವ ಹೊತ್ತು. ಬಂದೂಕಿನ ದನಿಯೊಂದನ್ನು ಅಣಕಿಸಲು ನನಗೆ ಇನ್ನೂ ಬರುತ್ತಿರಲಿಲ್ಲ, ಹೋಗುತ್ತಾ ಹೋಗುತ್ತಾ ರೂಢಿ ಮಾಡಿಕೊಂಡೆ.