ಹನ್ನೊಂದು ಒಂದುಗಳು

ನಿಜಾಮರ ಆಳ್ವಿಕೆ ಇದ್ದ ಆ ದಿನಗಳಲ್ಲಿ ನಮ್ಮಪ್ಪ ಮಕ್ತಲ್‌ನ ತಹಸೀಲ್ ಕಚೇರಿಯಲ್ಲಿ ಕಾರಕೂನರಾಗಿದ್ದರು. ನನಗೆ ಒಂಬತ್ತು ವರ್ಷ, ಅಕ್ಕ ನೀಲಮ್ಮನಿಗೆ ಹದಿನಾಲ್ಕು. ನಮ್ಮಂಥ ಮನೆಯ ಹುಡುಗಿಯರ ಓದು ನಾಲ್ಕನೇ ಜಮಾತಿಗೆ ನಿಲ್ಲುತ್ತಿತ್ತು. ಅಕ್ಕನದೂ ನಿಂತಿತ್ತು, ಲೆಕ್ಕದ ಹುಚ್ಚು ಮಾತ್ರ ಬಿಟ್ಟಿರಲಿಲ್ಲ.

ಮಳೆಗಾಲದ ಮೊದಲಲ್ಲಿ ಶಾಲೆಗಳ ತಪಾಸಣೆಗೆ ಬಂದಿದ್ದ ಸಾಹೇಬರೊಬ್ಬರು ನಮ್ಮ ಪಡಸಾಲೆಯಲ್ಲಿ ಚಹಾ ಕುಡಿಯುತ್ತ ಅಕ್ಕನ ಪಾಟಿ ನೋಡಿದರು. ಅದರ ಮೇಲೆ ಸಾಲಾಗಿ ಹನ್ನೊಂದು ಒಂದುಗಳನ್ನು ಬರೆದರು. ಇದು ಅವಿಭಾಜ್ಯವಲ್ಲ, ಇದನ್ನು ಒಡೆಯುವ ಎರಡು ಸಂಖ್ಯೆ ಹುಡುಕಿದರೆ ಹೈದರಾಬಾದಿನ ಹೆಣ್ಣುಮಕ್ಕಳ ಶಾಲೆಗೆ ತಾವೇ ಸಿಫಾರಸು ಮಾಡುವುದಾಗಿ, ದೀಪಾವಳಿ ಹೊತ್ತಿಗೆ ಮತ್ತೆ ಬರುವುದಾಗಿ ಹೇಳಿದರು. ಅಪ್ಪ ನಕ್ಕರು.

ಮೂರು, ಏಳು, ಹದಿಮೂರು, ಯಾವುದರಿಂದ ಭಾಗಿಸಿದರೂ ಶೇಷ ಉಳಿಯುತ್ತಿತ್ತು. ಶ್ರಾವಣವಿಡೀ ಮನೆಯಲ್ಲಿ ಒದ್ದೆ ಪಾಟಿಯ, ಬಳಪದ ವಾಸನೆ. ಅಕ್ಕ ಒಂದುಗಳದೇ ಸಣ್ಣ ಸಂಖ್ಯೆಗಳನ್ನು ಒಡೆದು ನೋಡತೊಡಗಿದಳು. ಐದು ಒಂದುಗಳಲ್ಲಿ ನಲವತ್ತೊಂದು ಸಿಕ್ಕಿತು, ಏಳು ಒಂದುಗಳಲ್ಲಿ ಇನ್ನೂರ ಮೂವತ್ತೊಂಬತ್ತು. ಒಂದು ಮಧ್ಯಾಹ್ನ ಹುಣಸೆ ಬೀಜ ಆಡುತ್ತಿದ್ದ ನನ್ನನ್ನು ಎಳೆದು ಕೂರಿಸಿಕೊಂಡಳು.

"ನಲವತ್ತೊಂದನ್ನ ಐದರಿಂದ ಭಾಗಿಸಿದ್ರ ಒಂದು ಉಳೀತೈತಿ. ಇನ್ನೂರ ಮೂವತ್ತೊಂಬತ್ತನ್ನ ಏಳರಿಂದ ಭಾಗಿಸಿದ್ರೂ ಒಂದ. ಹಂಗಾದ್ರ ಹನ್ನೊಂದಕ್ಕೂ ಹಂಗ ಇರಬೇಕು."

ಅಂದಿನಿಂದ ಹನ್ನೊಂದರಿಂದ ಭಾಗಿಸಿದಾಗ ಒಂದು ಉಳಿಯುವ ಸಂಖ್ಯೆಗಳನ್ನಷ್ಟೇ ಹಿಡಿದಳು: ಇಪ್ಪತ್ಮೂರು, ಅರವತ್ತೇಳು, ಎಂಬತ್ತೊಂಬತ್ತು. ನೂರಾಯಿತು, ಸಾವಿರ ದಾಟಿತು. ದಸರೆಯೂ ಹೋಯಿತು.

ಅವ್ವ ಸಜ್ಜೆ ರೊಟ್ಟಿ ತಟ್ಟುತ್ತಿದ್ದಾಗ ಒಂದು ಬೆಳಿಗ್ಗೆ ಅಕ್ಕ ಪಾಟಿ ಹಿಡಿದು ಒಳಗೆ ಬಂದಳು. ಇಪ್ಪತ್ತೊಂದು ಸಾವಿರದ ಆರುನೂರ ನಲವತ್ತೊಂಬತ್ತು, ಶೇಷವಿಲ್ಲ. ಇನ್ನೊಂದು ಸಂಖ್ಯೆ ಐದು ಲಕ್ಷ ಹದಿಮೂರು ಸಾವಿರದ ಇನ್ನೂರ ಮೂವತ್ತೊಂಬತ್ತು. ಗುಣಿಸಿ ತೋರಿಸಿದಳು, ಹನ್ನೊಂದು ಒಂದುಗಳೂ ಸಾಲಾಗಿ ನಿಂತವು. ಅವ್ವ ಒಲೆಯ ಉರಿ ಸರಿಸಿ, ಹಿಟ್ಟು ನಾದಾಕ ಬಾ ಎಂದಳು.

ಅಕ್ಕ ಎರಡೂ ಸಂಖ್ಯೆಗಳನ್ನು ಕಾಗದಕ್ಕಿಳಿಸಿಟ್ಟಳು. ಅವಳ ಬಾಯಲ್ಲಿ ಹೈದರಾಬಾದಿನ ಮಾತು ಶುರುವಾಯಿತು. ನನ್ನ ತಲೆ ಬಾಚುತ್ತಿದ್ದವಳು, ಪುಂಡಿಪಲ್ಯದ ಜೊತೆ ರೊಟ್ಟಿ ಮುರಿದು ತಿನ್ನಿಸುತ್ತಿದ್ದವಳು ಅವಳೇ. ಅವಳು ಹೋದರೆ ನಾನೇನು ಮಾಡಲಿ ಎಂದು ನನಗೆ ಹೆದರಿಕೆ. ಅತ್ತ ಅಪ್ಪ ಗದ್ವಾಲದ ಸೀರೆ ವ್ಯಾಪಾರಿಯ ಮನೆಗೆ ಅವಳನ್ನು ಗೊತ್ತುಮಾಡಿಬಿಟ್ಟಿದ್ದರು.

ಸಾಹೇಬರು ಹೇಳಿದಂತೆಯೇ ಬಂದರು. ಲಗ್ನ ಗೊತ್ತಾದ ಹುಡುಗಿ ಹೊರಗೆ ಬರಕೂಡದೆಂದು ಅಪ್ಪ ತಾಕೀತು ಮಾಡಿದ್ದರು. ಅಕ್ಕ ಕಾಗದವನ್ನು ನನ್ನ ಮುಷ್ಟಿಯಲ್ಲಿಟ್ಟು, ಸಾಹೇಬರ ಕೈಗೇ ಕೊಡು ಎಂದು ಕಳಿಸಿ ಬಾಗಿಲ ಹಿಂದೆ ನಿಂತಳು.

ಸಾಹೇಬರು ಲೆಕ್ಕದ ವಿಷಯ ಕೇಳುತ್ತಲೇ ಅಪ್ಪ, "ಆಕಿಗೆ ಆಗಲಿಲ್ರಿ. ಬಿಟ್ಟುಬಿಟ್ಳು," ಎಂದರು.

ಸಾಹೇಬರು ನನ್ನತ್ತ ತಿರುಗಿದರು. "ಖರೇ ಏನವಾ?"

ನಾನು ಮುಷ್ಟಿಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಹೌದೆಂದು ತಲೆಯಾಡಿಸಿದೆ.

ದೊಡ್ಡವರಿಗೇ ಕಷ್ಟದ ಲೆಕ್ಕವದು, ಬೇಸರ ಮಾಡಿಕೊಳ್ಳಬಾರದೆಂದು ಹೇಳಿ ಅವರು ಟಾಂಗಾ ಹತ್ತಿದರು. ಅಕ್ಕ ನನ್ನನ್ನು ಬೈಯಲಿಲ್ಲ. ನನ್ನ ಬೆರಳು ಬಿಡಿಸಿ, ಬೆವರಿಗೆ ಮೆತ್ತಗಾಗಿದ್ದ ಕಾಗದ ತೆಗೆದುಕೊಂಡು ಒಲೆಗೆ ಹಾಕಿದಳು. ಬೇಸಿಗೆಯಲ್ಲಿ ಗದ್ವಾಲಿಗೆ ಹೋದಳು. ಯಾರನ್ನು ಉಳಿಸಿಕೊಳ್ಳಲು ತಲೆಯಾಡಿಸಿದ್ದೆನೋ ಅವಳೇ ನನಗೆ ಉಳಿಯಲಿಲ್ಲ.

ಕಾಲ ಬದಲಾಯಿತು. ನಾನು ನಾರಾಯಣಪೇಟೆಯಲ್ಲಿ ಓದಿ, ಅಲ್ಲೇ ಶಾಲೆಯ ಮಾಸ್ತರಬಾಯಿಯಾದೆ. ಕ್ಷಮೆ ಕೇಳಬೇಕೆಂದು ಗದ್ವಾಲಿಗೆ ಹೋದಾಗಲೆಲ್ಲ ಅಕ್ಕ ಊಟಕ್ಕೆಬ್ಬಿಸಿ ಮಾತು ಮರೆಸುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಅವಳ ಮಗಳಿಗೆ ಆ ಮಳೆಗಾಲದ ಸಂಗತಿ ಹೇಳಿದೆ. ಅವಳು ನನ್ನ ಮುಖವನ್ನೇ ನೋಡಿದಳು.

"ನೀವು ಯಾರನ್ನೋ ನೆನಸಾಕ ಹತ್ತೀರಿ, ಚಿಗವ್ವ. ನಮ್ಮವ್ವಗ ಸೇರು ಪಾವಿನ ಲೆಕ್ಕನೂ ಬರ್ತಿರಲಿಲ್ಲ. ಎಲ್ಲಾ ಅಪ್ಪನ್ನ ಕೇಳ್ತಿದ್ಳು."

ಅಕ್ಕ ಆ ಮನೆಯಲ್ಲಿ ಮೂವತ್ತೆಂಟು ವರ್ಷ ಬಾಳಿದ್ದಳು. ನನಗೆ ಗೊತ್ತಿದ್ದ ಅಕ್ಕ ಅಲ್ಲಿ ಒಂದು ದಿನವೂ ಇರಲಿಲ್ಲ.